ಅತ್ತೆ ಬಿಟ್ಟುಹೋದ ಫ್ರೇಮ್

ಹೊಲಿಗೆ ಮಿಷನ್ ಕೊಳ್ಳುವವರು ಇದ್ದುದರಲ್ಲಿ ಚೆಂದದ್ದನ್ನು ಹುಡುಕುತ್ತಾರೆ. ಲೆಸಿಯೇಲಿ ಮಾತ್ರ ನೋಡಿದವರಿಗೆ ಬೇಡವೆನಿಸುವಂಥದ್ದನ್ನು ಹುಡುಕುತ್ತಿದ್ದಳು.

ಮೂರು ತಿಂಗಳಿಂದ ಇದೇ ಮಾತು. ಗಂಡ ಸಾಯಿಯಾ ಆಸ್ಟ್ರೇಲಿಯಾದಲ್ಲಿ ಕಿತ್ತಳೆ ಕೀಳುವ ಕೆಲಸಕ್ಕೆ ಹೋದವನು. ಅವನು ಸಂಜೆ ಫೋನ್ ಮಾಡಿದಾಗಲೆಲ್ಲ ಮಗಳ ಸಮಾಚಾರ ಮುಗಿದ ಮೇಲೆ ಮಿಷನ್ನಿನ ವಿಷಯ. ಕಸೂತಿ ಹಾಕುವಂಥದ್ದಾಗಬೇಕು, ಬಟ್ಟೆಯನ್ನು ಬಿಗಿಹಿಡಿಯುವ ಫ್ರೇಮ್ ಅಂಗೈಗಿಂತ ಅಗಲವಿರಬೇಕು, ನಮ್ಮ ಪೇಟೆಯಲ್ಲಿ ಸಿಗುವ ಸೂಜಿ ಅದಕ್ಕೆ ಹೊಂದಬೇಕು, ಕರೆಂಟು ಏರಿಳಿದರೆ ಸುಟ್ಟುಹೋಗಬಾರದು. ಇಷ್ಟೆಲ್ಲ ಹೇಳಿ ಕೊನೆಗೆ ಸೇರಿಸುತ್ತಿದ್ದಳು: ಹಳೆಯದೇ ಇರಲಿ, ಬಣ್ಣ ಹೋಗಿರಲಿ, ಮೈತುಂಬ ಗೀರಿದ್ದರೆ ಇನ್ನೂ ಒಳ್ಳೆಯದು.

"ಮಿಷನ್ ಕಳಿಸ್ಲೋ, ಗುಜರಿ ಕಳಿಸ್ಲೋ?" ಎಂದು ನಕ್ಕ ಸಾಯಿಯಾ.

"ಅತ್ತೆ ಕಣ್ಣಿಗೆ ಗುಜರಿ ಥರ ಕಾಣ್ಬೇಕು. ನನ್ನ ಕೈಗೆ ಮಿಷನ್ ಆಗಿರ್ಬೇಕು" ಎಂದಳು ಅವಳು. ಅವಳು ನಗಲಿಲ್ಲ.

ಅತ್ತೆ ಎಂದರೆ ಗಂಡನ ತಾಯಿಯಲ್ಲ. ಅವಳ ತಂದೆ ಮಾನಸೆಯ ಅಕ್ಕ, ಸೇಲಾ. ನಮ್ಮ ಟೊಂಗಾದಲ್ಲಿ ಸೋದರತ್ತೆಗೆ ತಮ್ಮನ ಮಕ್ಕಳ ಮೇಲಿರುವ ಹಕ್ಕಿಗೆ ಎಣೆಯೇ ಇಲ್ಲ. ಅದಕ್ಕೆ ಫಹು ಎನ್ನುತ್ತೇವೆ. ಮಕ್ಕಳಿಗೆ ಹೆಸರಿಡುವವಳು ಅವಳು. ಸಾವಿನ ಮನೆಯಲ್ಲಿ ಹೆಣದ ತಲೆಯ ಬಳಿ ಕೂರುವವಳು ಅವಳು. ಇರಲಿ, ಅದು ಮರ್ಯಾದೆ. ಆದರೆ ತಮ್ಮನ ಮಕ್ಕಳ ಮನೆಯಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಎತ್ತಿಕೊಂಡು ಹೋದರೂ ಯಾರೂ ತುಟಿ ಬಿಚ್ಚುವಂತಿಲ್ಲ. ಹಗಲುದರೋಡೆಯಂಥ ಇದನ್ನೂ ಮರ್ಯಾದೆ ಎಂದೇ ಕರೆಯುತ್ತಾರೆ. ಸಾಯಿಯಾನ ಮೊದಲ ವರ್ಷದ ದುಡಿಮೆಯಲ್ಲಿ ಬಂದ ವಿದ್ಯುತ್ ಮಿಷನ್ ಹಾಗೇ ಹೋಯಿತು. ಲೆಸಿಯೇಲಿ ಮತ್ತೆ ತಾಯಿಯ ಕಾಲದ ಕೈಮಿಷನ್ ಇಳಿಸಿಕೊಂಡು, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ ಇನ್ನೊಂದರಲ್ಲಿ ಬಟ್ಟೆ ತಳ್ಳತೊಡಗಿದಳು.

ಈ ಸಲ ಅವಳು ಮಿಷನ್ ಕಳೆದುಕೊಳ್ಳುವ ಹಾಗಿರಲಿಲ್ಲ. ಪಕ್ಕದೂರಿನ ಶಾಲೆಯವರು ಮಕ್ಕಳ ಅಂಗಿಗಳಿಗೆಲ್ಲ ಹಡಗಿನ ಬ್ಯಾಡ್ಜ್ ಹಾಕಿಕೊಡಲು ಕೇಳಿದ್ದರು. ಜನವರಿ ಕೊನೆಗೆ ಶಾಲೆ ತೆರೆಯುವಷ್ಟರಲ್ಲಿ ಕೊಟ್ಟರೆ ಪ್ರತಿ ವರ್ಷದ ಕೆಲಸವೂ ಅವಳದೇ. ಹಾಗಾದರೆ ಸಾಯಿಯಾ ಮುಂದಿನ ಸಲ ತೋಟದ ಕೆಲಸಕ್ಕೆ ಹೆಸರು ಕೊಡಬೇಕಾಗಿರಲಿಲ್ಲ. ವರ್ಷದಲ್ಲಿ ಒಂಬತ್ತು ತಿಂಗಳು ಅವನು ಅಲ್ಲೇ. ಕಳೆದ ಸಲ ಬಂದಾಗ ನಾಲ್ಕು ವರ್ಷದ ವಿಕಾ, ಅಪ್ಪ ಬ್ಯಾಗು ಕೆಳಗಿಡುವ ಮೊದಲೇ, ಯಾವಾಗ ಹೋಗುತ್ತೀಯ ಎಂದು ಕೇಳಿದ್ದಳು.

ನವೆಂಬರ್ ಕೊನೆಯಲ್ಲಿ ಹಡಗಿನಿಂದ ಇಳಿದ ನೀಲಿ ಡ್ರಮ್ಮಿನೊಳಗೆ, ಸೋಪು ಮತ್ತು ಮಾಂಸದ ಡಬ್ಬಿಗಳ ನಡುವೆ ಮಿಷನ್ ಬಂತು. ಹಾಲಿನಂತೆ ಬೆಳ್ಳಗಿತ್ತು. ಮುಂದೆ ಪುಟ್ಟ ಪರದೆ. ಒಂದು ಗೀರೂ ಇರಲಿಲ್ಲ. ಹೆಂಡತಿಗೆ ಹಳೆಯದನ್ನು ಕೊಡಲು ಸಾಯಿಯಾನಿಗೆ ಮನಸ್ಸು ಬಂದಿರಲಿಲ್ಲ. ಲೆಸಿಯೇಲಿಗೆ ಅಳು ಬಂತು, ಸಿಟ್ಟೂ ಬಂತು. ಕೆಲಸವಿಲ್ಲದಾಗ ಅದರ ಮೇಲೆ ಹಿಟ್ಟಿನ ಚೀಲ ಮುಚ್ಚಿಡತೊಡಗಿದಳು.

ಎರಡು ವಾರ ಅವಳು ಸುಖವಾಗಿದ್ದಳು. ಫ್ರೇಮ್ ತಾನಾಗಿ ಅತ್ತಿತ್ತ ಸರಿದಾಡುತ್ತ ಹಡಗಿನ ಹಾಯಿ ಮೂಡಿಸುವುದನ್ನು ವಿಕಾ ಗಲ್ಲಕ್ಕೆ ಕೈಕೊಟ್ಟು ನೋಡುತ್ತಿದ್ದಳು.

ಆಮೇಲೊಂದು ಭಾನುವಾರ ಚರ್ಚು ಮುಗಿಸಿ ಸೇಲಾ ಊಟಕ್ಕೆ ಬಂದಳು. ಕೆಸುವಿನೆಲೆಯಲ್ಲಿ ಸುತ್ತಿ ಬೇಯಿಸಿದ ಮಾಂಸದ ದೊಡ್ಡ ಪೊಟ್ಟಣ ಅವಳ ಮುಂದೆ ಬಂತು. ಅಕ್ಕ ಒಳಗಿದ್ದಾಗ ತಮ್ಮ ಒಳಗೆ ಕೂರುವ ಪದ್ಧತಿಯಿಲ್ಲ. ಮಾನಸೆ ಹೊರಗೆ ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಕೂತ. ಊಟವಾದ ಮೇಲೆ ಸೇಲಾ ಎದ್ದು, ಕೈ ಒರೆಸಿಕೊಳ್ಳಲೆಂಬಂತೆ ಹಿಟ್ಟಿನ ಚೀಲ ಎಳೆದಳು.

"ಎಷ್ಟು ಬಿಳೀ ಇದೆಯೇ" ಎಂದಳು. "ನಮ್ಮನೆ ಮುಂದಿನ ಕೋಣೆಗೆ ಒಪ್ಪುತ್ತೆ."

ಲೆಸಿಯೇಲಿ ಶಾಲೆಯ ಕೆಲಸದ ವಿಷಯ ಹೇಳಿದಳು, ಸಾಯಿಯಾನ ವಿಷಯ ಹೇಳಿದಳು. ಸೇಲಾ ಕಿವಿಗೊಟ್ಟು ಕೇಳಿ, ನಿನ್ನ ಕೈಯಲ್ಲಿ ಅಷ್ಟು ಚೆಂದದ ಕಸೂತಿ ಇರುವಾಗ ಇದೆಲ್ಲ ಯಾಕೆ ಎಂದಳು. ಹೊರಗಿನಿಂದ ಮಾನಸೆ ಕೂಗಿ ಹೇಳಿದ: "ವಾದ ಬೇಡ ಮಗಾ. ನಮ್ಮಕ್ಕ ಕೇಳಿದ್ದಕ್ಕೆ ನಮ್ಮಪ್ಪನೂ ಇಲ್ಲ ಅಂದಿಲ್ಲ, ನಾನೂ ಅಂದಿಲ್ಲ. ವ್ಯಾನಿಗೆ ಇಡಿಸು."

ಭಾನುವಾರ ಸೂಜಿಗೆ ದಾರ ಪೋಣಿಸಿದರೂ ಪಾಪವೆನ್ನುವ ಊರು ನಮ್ಮದು. ಅದೇ ಭಾನುವಾರ ಒಬ್ಬಳ ಅನ್ನ ಹೊತ್ತುಕೊಂಡು ಹೋದದ್ದು ಯಾರಿಗೂ ಪಾಪವಾಗಿ ಕಾಣಲಿಲ್ಲ. ವ್ಯಾನು ಹೋದ ಮೇಲೆ ಲೆಸಿಯೇಲಿ ಬರಿದಾದ ಮೇಜಿನ ಕೆಳಗೆ ಬಿದ್ದಿದ್ದ ದಾರದ ಚೂರುಗಳನ್ನು ಗುಡಿಸಿದಳು.

ಕಿಟಕಿಯ ಬಳಿಯ ಬುಟ್ಟಿಯಲ್ಲಿ ಫ್ರೇಮ್ ಉಳಿದಿತ್ತು. ದಾರ ಕತ್ತರಿಸಲೆಂದು ಶನಿವಾರವೇ ಅದನ್ನು ಕಳಚಿಟ್ಟಿದ್ದಳು. ಅರ್ಧ ಮೂಡಿದ ಹಡಗು ಅದರಲ್ಲೇ ಸಿಕ್ಕಿಕೊಂಡಿತ್ತು. ಫ್ರೇಮ್ ಇಲ್ಲದೆ ಆ ಮಿಷನ್ ಒಂದು ಎಲೆಯನ್ನೂ ಕಸೂತಿ ಹಾಕಲಾರದು. ನಾಳೆ ಕೇಳಿ ಕಳಿಸುತ್ತಾರೆ ಎಂದುಕೊಂಡಳು. ಯಾರೂ ಕೇಳಲಿಲ್ಲ. ಕ್ರಿಸ್‌ಮಸ್ ಕಳೆಯಿತು, ಹೊಸ ವರ್ಷ ಬಂತು, ಮೂರು ವಾರವಾಯಿತು. ಆಗಲೂ ಯಾರೂ ಕೇಳಲಿಲ್ಲ.

ಕೈಯಲ್ಲಿ ಹಾಕಿದರೆ ದಿನಕ್ಕೆ ನಾಲ್ಕು ಬ್ಯಾಡ್ಜ್ ಆಗುತ್ತಿತ್ತು. ಅಂಗಿಗಳ ರಾಶಿ ಕಿಟಕಿಯ ಎತ್ತರಕ್ಕಿತ್ತು. ಸಾಯಿಯಾ ಫೋನ್ ಮಾಡಿ, ತಿಂಗಳ ಕೊನೆಗೆ ತೋಟದ ಕೆಲಸಕ್ಕೆ ಹೆಸರು ಕೊಡಬೇಕಂತೆ, ಕೊಡಲೋ ಬೇಡವೋ ಎಂದು ಕೇಳಿದ. ಮರುದಿನ ಬೆಳಿಗ್ಗೆ ಲೆಸಿಯೇಲಿ ತನ್ನ ತಮ್ಮನ ಮನೆಗೆ ನಡೆದಳು.

ತಮ್ಮ ಗೆಣಸಿನ ಹೊಲಕ್ಕೆ ಹೋಗಿದ್ದ. ಅವನ ಮಗಳು ಫಾನೆ, ಹತ್ತೊಂಬತ್ತರ ಹುಡುಗಿ, ಪೇಟೆಯಲ್ಲಿ ಮಾರುವ ಚೀಲಗಳನ್ನು ತನ್ನ ಸಣ್ಣ ಮಿಷನ್ನಿನಲ್ಲಿ ಹೊಲಿಯುತ್ತಿದ್ದಳು. ಅದರಲ್ಲೂ ಸಾದಾ ಕಸೂತಿ ಬರುತ್ತಿತ್ತು. ಲೆಸಿಯೇಲಿ ಬಾಗಿಲಲ್ಲೇ ನಿಂತು, ಅದು ನನಗೆ ಬೇಕು ಎಂದಳು. ಅವಳೂ ಸೋದರತ್ತೆಯೇ ತಾನೆ!

"ಆಗ್ಲಿ ಅತ್ತೆ" ಎಂದಳು ಫಾನೆ.

ಯಾಕೆ, ಏನು ಎಂದು ಒಂದು ಮಾತು ಕೇಳಲಿಲ್ಲ. ದಾರ ಕತ್ತರಿಸಿ ಹೊಲಿಯುತ್ತಿದ್ದ ಚೀಲವನ್ನು ತೆಗೆದಳು, ಮಿಷನ್ನನ್ನು ಹಾಸಿಗೆಯ ಬಟ್ಟೆಯಲ್ಲಿ ಸುತ್ತಿ ಅತ್ತೆಯ ತೋಳಿಗಿಟ್ಟಳು. ಲೆಸಿಯೇಲಿ ಅಂಗಳ ದಾಟುವಾಗ ಒಳಗೆ ಪೊರಕೆಯ ಸದ್ದು ಕೇಳಿ ತಿರುಗಿ ನೋಡಿದಳು. ಹುಡುಗಿ ಬರಿದಾದ ಮೇಜಿನ ಕೆಳಗೆ ಗುಡಿಸುತ್ತಿದ್ದಳು.

ಲೆಸಿಯೇಲಿ ಅಲ್ಲೇ ನಿಂತಳು. ಮೂರು ವಾರದಿಂದ ಯಾರ ಮೇಲೆ ಹಲ್ಲು ಕಡಿಯುತ್ತಿದ್ದಳೋ ಅವಳೇ ತಾನಾಗಿದ್ದಳು. ತೋಳಿನಲ್ಲಿದ್ದ ಭಾರವೇ ಅದಕ್ಕೆ ಸಾಕ್ಷಿ. ನಾಚಿಕೆಯಿಂದ ಅವಳ ಮೈ ಹಿಡಿಯಾಯಿತು. ತಿರುಗಿ ಒಳಗೆ ಹೋಗಿ ಮಿಷನ್ನನ್ನು ಮೇಜಿನ ಮೇಲಿಟ್ಟಳು.

"ಇನ್ಮೇಲೆ ನಾನೇನ್ ಕೇಳಿದ್ರೂ ಇಲ್ಲ ಅನ್ನು."

"ಅಯ್ಯೋ, ಹಾಗನ್ಬಾರ್ದು ಅತ್ತೆ" ಎಂದಳು ಫಾನೆ ಹೆದರಿ. "ಅಪ್ಪ ಬೈತಾರೆ."

"ಅಪ್ಪ ಬೈಲಿ. ಈಗ್ಲೇ ಅನ್ನು, ನಾನ್ ಕೇಳ್ಬೇಕು. ಈ ಮಿಷನ್ ಕೊಡ್ತೀಯಾ?"

ಹುಡುಗಿ ನೆಲ ನೋಡಿದಳು, ಮಿಷನ್ ನೋಡಿದಳು. "ಇಲ್ಲ, ಅತ್ತೆ" ಎಂದಳು ಮೆಲ್ಲಗೆ.

"ಹ್ಞಾ. ಈಗ ನನ್ ಜೊತೆ ಬಾ. ನಾನೂ ಒಂದ್ ಕಡೆ ಇದನ್ನ ಹೇಳೋದಿದೆ."

ಇಬ್ಬರೂ ಲೆಸಿಯೇಲಿಯ ಮನೆಯಿಂದ ಫ್ರೇಮ್ ಎತ್ತಿಕೊಂಡು ಸೇಲಾಳ ಮನೆಗೆ ಹೋದರು. ಮುಂದಿನ ಕೋಣೆಯಲ್ಲಿ ಮಿಷನ್ ಇತ್ತು. ಮೇಲೆ ಜಾಲರಿ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೂವಿನ ಹೂದಾನಿ. ವಯರು ಸುತ್ತಿದ್ದ ರಬ್ಬರ್ ಬ್ಯಾಂಡನ್ನೂ ಯಾರೂ ಬಿಚ್ಚಿರಲಿಲ್ಲ.

ಲೆಸಿಯೇಲಿ ಫ್ರೇಮ್ ಎತ್ತಿ ತೋರಿಸಿದಳು. "ಇದೇನು ಹೇಳಿ ಅತ್ತೆ."

ಸೇಲಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಫೋಟೋಗೆ ಹಾಕುವುದೇ ಎಂದು ಕೇಳಿದಳು.

ಲೆಸಿಯೇಲಿ ಹೂದಾನಿ ಎತ್ತಿ ನೆಲದ ಮೇಲಿಟ್ಟಳು, ಜಾಲರಿ ಬಟ್ಟೆ ಮಡಿಸಿದಳು, ಮಿಷನ್ನಿನ ಹಿಡಿಕೆಗೆ ಕೈ ಹಾಕಿದಳು.

"ನಿಂಗೆ ಹೆಸರಿಟ್ಟೋಳು ನಾನು" ಎಂದಳು ಸೇಲಾ.

"ಹೆಸರು ಬೇಕಾದ್ರೆ ವಾಪಸ್ ತಗೊಳ್ಳಿ ಅತ್ತೆ. ಮಿಷನ್ ಕೊಡಲ್ಲ."

ಸುದ್ದಿ ಅವರಿಗಿಂತ ಮೊದಲೇ ಮನೆ ಮುಟ್ಟಿತ್ತು. ಮಾನಸೆ ಮೆಟ್ಟಿಲ ಮೇಲೆ ಅಡ್ಡ ಕೂತಿದ್ದ. ಊರಿಗೆ ಮುಖ ತೋರಿಸುವುದು ಹೇಗೆ ಎಂದ. ಇಂಥ ಮಗಳನ್ನು ಹೆತ್ತದ್ದು ನನ್ನ ಕರ್ಮ ಎಂದ. ಕೊನೆಗೆ ಅವನ ಕಣ್ಣಲ್ಲಿ ನೀರು ಬಂತು. "ನಾಳೆ ನಾನ್ ಸತ್ರೆ ನನ್ ತಲೆ ಹತ್ರ ಕೂರೋರ್ ಯಾರೇ?"

"ಅತ್ತೇನೇ ಕೂರ್ಲಿ ಅಪ್ಪ. ಆ ಜಾಗ ನಾನ್ ಕಸ್ಕೊಂಡಿಲ್ಲ. ಈ ಮಿಷನ್ ಮುಂದಿನ ಜಾಗ ಬದುಕಿರೋಳು ಕೂರೋದು. ದಾರಿ ಬಿಡು."

ಮಾನಸೆ ಅಲ್ಲಾಡಲಿಲ್ಲ. ಲೆಸಿಯೇಲಿ ಮತ್ತು ಫಾನೆ ಮಿಷನ್ನನ್ನು ಹಿತ್ತಲಿಗೆ ಬಳಸಿ ತಂದು ಅಡಿಗೆಮನೆ ಬಾಗಿಲಿಂದ ಒಳಗಿಟ್ಟರು. ಫ್ರೇಮ್ ಕೂರಿಸಿದರು. ನಿಂತಿದ್ದ ಹಡಗು ನಿಂತಲ್ಲಿಂದಲೇ ಮೂಡತೊಡಗಿತು. ಅಷ್ಟರಲ್ಲಿ ಸಾಯಿಯಾನ ಫೋನ್ ಬಂತು.

"ಹೆಸರು ಕೊಡ್ಬೇಡ" ಎಂದಳು ಲೆಸಿಯೇಲಿ. ಹೊರಗೆ ಕೂತ ತಂದೆಗೂ ಕೇಳಲೆಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು.