ಬೆಲ್ಲ ಎದೆಗೆ ಹೋಗುವುದಿಲ್ಲ

ಅಂಧೇರಿಯ ಕಲ್ಲಿನ ಖಣಿಯಲ್ಲಿ ಸಂಜೆ ಕೆಲಸ ಬಿಟ್ಟಾಗ ಕೂಲಿಗಳ ಮೇಲ್ವಿಚಾರಕ ಮುಕಾದಮ ಒಬ್ಬೊಬ್ಬರ ಅಂಗೈಗೂ ಒಂದು ತುಂಡು ಬೆಲ್ಲ ಇಡುತ್ತಿದ್ದ. “ತಿನ್ರೆಪಾ, ಧೂಳೆಲ್ಲಾ ತೊಳಕೊಂಡು ಹೋಗತೈತಿ.” ಎಂಥ ಧರ್ಮಾತ್ಮ! ಕಲ್ಲು ಕೊರೆಯುವ ಸಾಯಬಣ್ಣ ಆ ಬೆಲ್ಲವನ್ನು ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದ. ಅವನ ಅಣ್ಣ ಗದಿಗೆಪ್ಪನೂ ಹಾಗೆಯೇ ತಿಂದವನು. ಹೋದ ವರ್ಷ ಉಸಿರು ಸಿಗದೆ ಸತ್ತ. ವಯಸ್ಸು ನಲವತ್ತೂ ಆಗಿರಲಿಲ್ಲ.

ಈಗ ಸಾಯಬಣ್ಣನಿಗೂ ಅದೇ ಕೆಮ್ಮು. ತಾವು ವಾಸವಿದ್ದ ಚಾಳಿನ ಮೆಟ್ಟಿಲು ಹತ್ತುವಾಗ ಎರಡು ಕಡೆ ಕೂರುತ್ತಿದ್ದ. ಅದೇ ಖಣಿಯಲ್ಲಿ ಕಲ್ಲು ಹೊರುವ ಹೆಂಡತಿ ಕಾಶವ್ವ ಪಕ್ಕದ ಮನೆಯವಳನ್ನು ಕರೆದು ತೋರಿಸಿದಳು. ಪಕ್ಕದ ಖೋಲಿಯ ಹಸೀನಾ ವಿಜಾಪುರದವಳು, ಆಸ್ಪತ್ರೆಯಲ್ಲಿ ನರ್ಸ್. ಹಟ ಹಿಡಿದು ಎಕ್ಸ್‌ರೇ ತೆಗೆಸಿದಳು.

“ಅಣ್ಣಾ, ಎದಿಯೊಳಗ ಕಲ್ಲಿನ ಧೂಳ ಕುಂತೈತಿ.”

“ದಿನಾ ಬೆಲ್ಲ ತಿಂತೀನಲ್ಲವಾ, ಹೆಂಗ ಕುಂದರತೈತಿ?”

“ಬೆಲ್ಲ ಹೊಟ್ಟಿಗೆ ಹೋಗತೈತಿ, ಎದಿಗಲ್ಲ. ಕೇಳ್ರಿ. ನಮ್ಮ ಮೈಯಾಗಿನ ಜೀವಕೋಶದೊಳಗ ಲೈಸೋಸೋಮ್ ಅಂತ ಸಣ್ಣ ಸಣ್ಣ ಚೀಲ ಇರತಾವ. ಅದರಾಗ ಹೊಲಸು ಕರಗಸೋ ರಸ ಐತಿ. ಎದಿಯೊಳಗಿನ ಕಾವಲಿನ ಕೋಶ ರೋಗದ ಕ್ರಿಮಿ ನುಂಗತಾವ, ಆ ರಸ ಕರಗಿಸಿಬಿಡತೈತಿ. ಕಲ್ಲಿನ ಧೂಳ ಕರಗಂಗಿಲ್ಲ. ಚೀಲಾನ ಒಡೀತೈತಿ. ರಸ ಸೋರಿ ಕೋಶಾನೂ ಸಾಯತೈತಿ. ಉಳದ ಧೂಳ ಮತ್ತೊಂದು ಕೋಶ ನುಂಗತೈತಿ, ಅದೂ ಸಾಯತೈತಿ. ಹಿಂಗಾಗಿ ಒಳಗೆಲ್ಲಾ ಗಾಯ ಆಗಿ ಗಟ್ಟಿ ಆಗತೈತಿ.”

“ಔಷಧ ಕೊಡವಾ ಮತ್ತ,” ಅಂದಳು ಕಾಶವ್ವ.

“ಆದದ್ದು ಹೋಗಂಗಿಲ್ಲ ಅಕ್ಕಾ. ಅಣ್ಣ ಇನ್ನ ಧೂಳಿನ ಹತ್ತರ ಸುಳೀಬಾರದು. ಉಳದವರು ಕಲ್ಲಿಗೆ ನೀರು ಬಿಟ್ಟು ಕೊರದರ ಧೂಳ ಏಳೂದು ಕಡಿಮಿ ಆಗತೈತಿ.”

ನೀರು! ಖಣಿಯಲ್ಲಿ ನೀರಿನ ಟಾಕಿ ಇತ್ತು. ದಿನಾ ಬೆಳಿಗ್ಗೆ ಖಣಿಯ ಧಣಿ ಸೇಠನ ಮೋಟಾರು ಕಾರು ತೊಳೆಯಲು! ಕಾಶವ್ವನಿಗೆ ಮೈಯೆಲ್ಲ ಉರಿದುಹೋಯಿತು. “ಮೋಟಾರಿಗೆ ನೀರು, ಮನಷ್ಯಾರಿಗೆ ಬೆಲ್ಲ! ನಾಳೆ ನೀರು ಕೇಳೂಣು,” ಅಂದಳು.

“ಸುಮ್ಮಿರು, ಕೆಲಸಾ ಹೋಗತೈತಿ,” ಅಂದ ಸಾಯಬಣ್ಣ.

“ನಿಮ್ಮಣ್ಣ, ನಮ್ಮ ಭಾವಾರ ಕೆಲಸ ಉಳೀತು. ಭಾವಾರು ಉಳದರೇನು?”

ಆ ರಾತ್ರಿ ಅವನು ಖಣಿಯ ಜೊತೆಗಾರರನ್ನು ಕರೆದು ಎಕ್ಸ್‌ರೇ ತೋರಿಸಿದ.

ಮರುದಿನ ಸಂಜೆ ಮುಕಾದಮ ಬೆಲ್ಲ ಚಾಚಿದಾಗ ಸಾಯಬಣ್ಣ ಕೈ ಹಿಂದೆ ಕಟ್ಟಿಕೊಂಡ. “ಬೆಲ್ಲ ನೀವ ತಿನ್ರಿ. ನಮ್ಮ ಮಂದಿಗೆ ನೀರಿನ ಪೈಪು ಹಾಕ್ರಿ.” ಅವನ ಹಿಂದಿದ್ದ ಕಾಶವ್ವನೂ ಕೈ ಚಾಚಲಿಲ್ಲ. ಆಮೇಲೆ ಸಾಲಿನಲ್ಲಿ ಯಾರೂ ಚಾಚಲಿಲ್ಲ. ಮೂರು ದಿನ ಯಾರೂ ಕೆಲಸಕ್ಕೆ ಹೋಗದೆ ಖಣಿ ನಿಂತಿತು. ನಾಲ್ಕನೆಯ ದಿನ ಪೈಪು ಬಂತು, ಸಾಯಬಣ್ಣನಿಗೆ ದೂರದ ಗೇಟಿನ ಕಾವಲು ಕೆಲಸ ಸಿಕ್ಕಿತು. ಹೋದ ಉಸಿರು ಮಾತ್ರ ತಿರುಗಿ ಬರಲಿಲ್ಲ.

ಕಲ್ಲು ಒಡೆಯುವ ಅಣ್ಣಂದಿರೇ, ಕಲ್ಲು ಹೊರುವ ಅಕ್ಕಂದಿರೇ, ನಿಮ್ಮ ಅಂಗೈಗೂ ಬೆಲ್ಲ ಬರುತ್ತಿದೆಯೇ? ಬೇಡವೆನ್ನಿ, ನೀರು ಕೇಳಿ. ಕೆಮ್ಮು ಬಿಡದಿದ್ದರೆ ಇವತ್ತೇ ಎಕ್ಸ್‌ರೇ ತೆಗೆಸಿ. ಗದಿಗೆಪ್ಪನಿಗೆ ಇದನ್ನು ಹೇಳುವವರಿರಲಿಲ್ಲ. ನಿಮಗೆ ಹೇಳಿದ್ದೇವೆ.