ಮುಂದಿನ ಗಾಲಿಗಳ ಮಡಿ

ನರಸಿಂಹರಾಯರು ಮೂವತ್ತನಾಲ್ಕು ವರ್ಷ ಸರ್ಕಾರಿ ಸಂಬಳ ತೆಗೆದುಕೊಂಡು ಮಾಡಿದ್ದು ಒಂದೇ ಕೆಲಸ: ಒಳ್ಳೊಳ್ಳೆಯ ಸಾಮಾನುಗಳನ್ನು ಮೇಜಿಗೆ ಬಿಗಿದು ಗಡಗಡ ಅಲುಗಾಡಿಸುವುದು. ಸಿಕಂದರಾಬಾದಿನ ಆಚೆ ಕುಷಾಯಿಗೂಡದ ಹತ್ತಿರದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ಪೆಟ್ಟಿಗೆಗಳು ಅವರ ಮೇಜಿನ ಮೇಲೆ ತಾಸುಗಟ್ಟಲೆ ನಡುಗಿ, ಏನೂ ಕಳಚಿ ಬೀಳದಿದ್ದರೆ ಮಾತ್ರ ಗೇಟು ದಾಟಬೇಕು. ಕಳಚಿ ಬಿದ್ದರೆ ರಾಯರು ಹನ್ನೆರಡು ಪುಟದ ವರದಿ ಬರೆಯುತ್ತಿದ್ದರು. ಹೆಂಡತಿ ವೇದಾಬಾಯಿಗೆ ಈ ಕೆಲಸದ ತಲೆಬುಡ ತಿಳಿಯುತ್ತಿರಲಿಲ್ಲ. ನೆಂಟರು ಕೇಳಿದರೆ "ಅವರು ಅಲುಗಾಡಸ್ತಾರ್ರೀ" ಎಂದು ಹೇಳಿ, ಚಹಾ ತರುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದರು.

ನಿವೃತ್ತಿಯಾಗಿ ಮೂರು ವರ್ಷವಾಗಿತ್ತು. ಮೇಜು ಕಳೆದುಕೊಂಡ ರಾಯರು ಅಡುಗೆಮನೆ ಹೊಕ್ಕಿದ್ದರು. ಕುಕ್ಕರಿನ ಎರಡನೇ ಸೀಟಿಗೂ ಮೂರನೇ ಸೀಟಿಗೂ ನಡುವೆ ಎಷ್ಟು ಸೆಕೆಂಡು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರು. ತಿರುಗುತ್ತಿರುವ ಮಿಕ್ಸರಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತರು. ಚಪಾತಿಗಳ ಅಗಲದಲ್ಲಿ ಏರುಪೇರಿದೆ ಎಂದು ಒಂದು ದಿನ ಅಳತೆಪಟ್ಟಿ ಹಿಡಿದು ಬಂದಾಗ ವೇದಾಬಾಯಿ ಲಟ್ಟಣಿಗೆ ಎತ್ತಿ ತೋರಿಸಿದರು. ರಾಯರು ಹೊರಗೆ ಹೋದರು, ಹತ್ತು ನಿಮಿಷಕ್ಕೆ ಮತ್ತೆ ಬಂದರು. ಹೀಗಿರುವಾಗ ಮಗಳ ಲಾರಿ ನಡುಗತೊಡಗಿತು ಎಂದರೆ ವೇದಾಬಾಯಿಗೆ ಒಳಗೊಳಗೇ ಸಂತೋಷವಾದದ್ದರಲ್ಲಿ ತಪ್ಪೇನಿದೆ?

ಮಗಳು ಕೃಪಾ ಮನೆಯ ಹಿಂದಿನ ಶೆಡ್ಡಿನಲ್ಲಿ ಮೀನು ಸಾಕುವ ಗಾಜಿನ ತೊಟ್ಟಿಗಳನ್ನು ಮಾಡುತ್ತಾಳೆ. ಅವನ್ನು ಸಾಗಿಸಲು ನಾಲ್ಕು ಗಾಲಿಯ ಸಣ್ಣ ಲಾರಿಯಿದೆ, ಓಡಿಸಲು ಯಾದಗಿರಿ ಕಡೆಯ ಸಾಬಣ್ಣನಿದ್ದಾನೆ. ಮಣಿಕೊಂಡದ ಹೊಸ ಕಂಪ್ಯೂಟರ್ ಕಂಪನಿಯೊಂದು ತನ್ನ ಹೆಬ್ಬಾಗಿಲೊಳಗೆ ಇಡಲು ಏಳಡಿ ಉದ್ದದ ತೊಟ್ಟಿ ಮಾಡಿಕೊಡಲು ಹೇಳಿತ್ತು. ಶನಿವಾರ ಹನ್ನೊಂದಕ್ಕೆ ಉದ್ಘಾಟನೆ. ಅಷ್ಟು ದೊಡ್ಡದನ್ನು ಕೃಪಾ ಹಿಂದೆಂದೂ ಮಾಡಿರಲಿಲ್ಲ. ಅದರ ಅಂಟು ಒಣಗುವ ತನಕ ಮನೆಯಲ್ಲಿ ಯಾರೂ ಜೋರಾಗಿ ಸೀನುವಂತಿರಲಿಲ್ಲ. ಇಂಥ ಗಾಜು ಹೊರುವ ಗಾಡಿಗೆ ಬೋಳು ಟೈರು ಬೇಡವೆಂದು ಸೋಮವಾರ ಸಿಕಂದರಾಬಾದಿನ ಋಷಭ್ ಎಂಬವನ ಟೈರಿನ ಅಂಗಡಿಯಲ್ಲಿ ನಾಲ್ಕೂ ಹೊಸ ಟೈರು ಹಾಕಿಸಿದರು. ರಾಯರು ಋಷಭ್‌ನ ಹೆಗಲ ಹಿಂದೆಯೇ ನಿಂತು, ಒಂದೊಂದು ಗಾಲಿಯನ್ನೂ ತೂಕ ಸರಿದೂಗಿಸುವ ಮಷೀನಿಗೆ ಏರಿಸಿ ತಿರುಗಿಸಿದ್ದನ್ನು, ಕೊನೆಗೆ ಸೊನ್ನೆ ಬಂದದ್ದನ್ನು ಕಣ್ಣಾರೆ ನೋಡಿಕೊಂಡು ಬಂದರು.

ಮಂಗಳವಾರ ಬೆಳಿಗ್ಗೆ ಪೂಜೆ. ಹೊಸ ಟೈರಿಗೆ ಪೂಜೆಯಾಗದೆ ಗಾಡಿ ಹೊರಡುವಂತಿಲ್ಲ, ಕೊಳಕು ಗಾಲಿಗೆ ಅರಿಷಿಣ ಹಚ್ಚುವಂತಿಲ್ಲ. ಇದು ವೇದಾಬಾಯಿಯ ಕಾಯಿದೆ. ಹಿಂದಿನ ಗಾಲಿಗಳು ಮೋರಿಯ ಪಕ್ಕದಲ್ಲಿದ್ದುದರಿಂದ ಅವನ್ನು ದೇವರಿಗೇ ಬಿಟ್ಟು, ಮುಂದಿನ ಎರಡನ್ನು ಬಿಸಿನೀರು, ಸೋಪಿನ ಪುಡಿ, ತೆಂಗಿನ ನಾರು ಹಾಕಿ ತಿಕ್ಕಿದರು. ಗಾಲಿಯ ಕಬ್ಬಿಣದ ಅಂಚಿಗೆ ಅಲ್ಲಲ್ಲಿ ಬೂದು ಬಣ್ಣದ ಚಿಕ್ಕ ಚೌಕ ತುಣುಕುಗಳು ಮೆತ್ತಿಕೊಂಡಿದ್ದವು. ಕೆಲಸ ಮುಗಿಸಿ ಒರೆಸದೆ ಬಿಟ್ಟಿದ್ದಾರೆ, ಗಂಡಸರ ಕೆಲಸವೇ ಇಷ್ಟು ಎಂದುಕೊಂಡರು. ದೋಸೆ ಎಬ್ಬಿಸುವ ಸಟ್ಟುಗ ಬಂತು. ಒಂಬತ್ತು ತುಣುಕುಗಳೂ ಎದ್ದು ಬಂದವು. ಕೈಗೆ ಭಾರವಾಗಿದ್ದುದರಿಂದ ಎಸೆಯಲು ಮನಸ್ಸಾಗಲಿಲ್ಲ. ದೇವರಮನೆಯ ಪರದೆ ಫ್ಯಾನಿನ ಗಾಳಿಗೆ ಹಾರಿ ದೀಪದ ಮೇಲೆ ಬರುತ್ತಿತ್ತಲ್ಲ, ಅದರ ಅಂಚಿನೊಳಗೆ ಸಾಲಾಗಿ ಇಟ್ಟು ಹೊಲಿದರು. ಪರದೆ ಆ ಕ್ಷಣದಿಂದ ಬಾಲ ಮುದುರಿಕೊಂಡು ನಿಂತಿತು.

ಮಧ್ಯಾಹ್ನ ಸಾಬಣ್ಣ ರಿಂಗ್ ರೋಡಿಗೆ ಒಂದು ಸುತ್ತು ಹೋಗಿ ಬಂದವನು ಬೆವರು ಒರೆಸಿಕೊಳ್ಳುತ್ತ ಕಟ್ಟೆಯ ಮೇಲೆ ಕೂತ.

"ಸಾಹೇಬ್ರ, ಗಾಡಿಗಿ ಚಳಿಜ್ವರ ಬಂದಾಂಗ ಆಗೈತ್ರಿ. ಅರವತ್ತರ ಮ್ಯಾಲ ಹೋದ್ರ ಸ್ಟೇರಿಂಗ್ ಕೈಯಾಗ ನಿಲ್ಲವಲ್ದು."

ರಾಯರ ಮುಖ ನೋಡಬೇಕಿತ್ತು! ಯಾರೋ ಮತ್ತೆ ಕಾರ್ಖಾನೆಯ ಗೇಟು ತೆಗೆದು ಒಳಗೆ ಕರೆದಂತೆ ಅವರು ಎದ್ದು ನಿಂತರು. "ನಡುಗೋದು ಕೈಗೆ ಗೊತ್ತಾಗ್ತದೋ, ಕೂತಲ್ಲಿ ಗೊತ್ತಾಗ್ತದೋ? ಬ್ರೇಕ್ ಒತ್ತಿದಾಗ ಹೆಚ್ಚಾಗ್ತದೇನು?"

"ಕೈಗೇ ರೀ. ಬ್ರೇಕಿಗೂ ಅದಕ್ಕೂ ಸಂಬಂಧ ಇಲ್ರಿ."

"ಅಂದ್ರ ಮುಂದಿನ ಗಾಲಿ. ಬ್ರೇಕಿಂದಲ್ಲ."

ಹಳೆಯ ದಪ್ಪ ನೋಟುಬುಕ್ಕು ಹೊರಬಂತು. ಸಂಶಯಗಳ ಪಟ್ಟಿ ತಯಾರಾಯಿತು: ಗಾಲಿಯ ಬ್ಯಾಲೆನ್ಸು, ನಟ್ಟು, ಬೇರಿಂಗು, ಬಾಗಿದ ರಿಮ್ಮು, ಹುಟ್ಟಾ ದುಂಡಗಿಲ್ಲದ ಟೈರು. ಮೊದಲನೆಯ ಸಾಲಿಗೆ ರಾಯರು ಅಲ್ಲೇ ಗೀಟು ಹೊಡೆದರು. "ಬ್ಯಾಲೆನ್ಸ್ ಸೊನ್ನಿ ಬಂದದ್ದು ನಾನ ಖುದ್ದು ನೋಡೀನಿ. ಅದರ ಮಾತು ಎತ್ತಬ್ಯಾಡ." ಆ ಕಣ್ಣಿನಿಂದ ಅಂಚು ನೋಡಿದ್ದರೆ ಗಾಲಿಯೇ ಹೇಳುತ್ತಿತ್ತು. ಆದರೆ ಒಮ್ಮೆ ಗೀಟು ಹೊಡೆದ ಸಾಲನ್ನು ಮತ್ತೆ ಓದುವುದು ರಾಯರ ಜಾಯಮಾನದಲ್ಲೇ ಇರಲಿಲ್ಲ.

ಬುಧವಾರ, ಗುರುವಾರ ಹಬ್ಬ ಮಾಡಿದಂತೆ ಕಳೆದವು. ರಾಯರು ಬೆಳಿಗ್ಗೆ ಸಾಬಣ್ಣನ ಪಕ್ಕದಲ್ಲಿ ಕೂತು ಹೊರಟರೆ ಊಟಕ್ಕೇ ವಾಪಸು. ಜಾಕ್ ಹಚ್ಚಿ ಗಾಲಿ ಅಲ್ಲಾಡಿಸಿ ಬೇರಿಂಗು ನೋಡಿದರು, ನಟ್ಟುಗಳನ್ನು ಬಿಚ್ಚಿ ಬಿಗಿದರು, ಗಾಲಿಯ ಪಕ್ಕ ಚಾಕ್‌ಪೀಸು ಹಿಡಿದು ತಿರುಗಿಸಿ ದುಂಡಗಿದೆಯೇ ಎಂದು ಪರೀಕ್ಷಿಸಿದರು. ತಂಬಿಗೆಯಲ್ಲಿ ನೀರು ತುಂಬಿ ಡ್ಯಾಶ್‌ಬೋರ್ಡಿನ ಮೇಲಿಟ್ಟು, ಯಾವ ವೇಗಕ್ಕೆ ಎಷ್ಟು ಚೆಲ್ಲಿತು ಎಂದು ಬರೆದರು. ಚೆಲ್ಲಿದ್ದೆಲ್ಲ ಸಾಬಣ್ಣನ ಪ್ಯಾಂಟಿನ ಮೇಲೆ. ಮನೆಗೆ ಬಂದು ಚಪಾತಿಯ ಅಗಲ ನೋಡದೆ ನಾಲ್ಕು ತಿಂದರು. ಕೈ ತೊಳೆಯುವಾಗ ಸಿಳ್ಳೆ ಹಾಕಿದರು. ಮದುವೆಯಾದ ಹೊಸತರಲ್ಲಿ ಹಾಕುತ್ತಿದ್ದ ಸಿಳ್ಳೆ ಅದು. ವೇದಾಬಾಯಿ ಒಲೆಯ ಮುಂದೆ ಒಬ್ಬರೇ ನಿಂತು ಮನಸಾರೆ ನಕ್ಕರು. ಲಾರಿ ಇನ್ನೊಂದು ವಾರ ಹೀಗೇ ನಡುಗಲಿ, ಶನಿವಾರ ಒಂದು ದಿನ ಮಾತ್ರ ನೆಟ್ಟಗಿರಲಿ ಎಂದು ದೇವರಿಗೆ ಹೇಳಿಕೊಂಡರು.

ಗುರುವಾರ ಮಧ್ಯಾಹ್ನ ಅವರು ಚಹಾ ತಂದಾಗ ರಾಯರು ಜಗುಲಿಯಲ್ಲಿ ಸಾಬಣ್ಣನಿಗೆ ಪಾಠ ಮಾಡುತ್ತಿದ್ದರು.

"ಯಾವ ಟೈರೂ ಸುತ್ತಲೂ ಒಂದೇ ತೂಕ ಇರೋದಿಲ್ಲ ಸಾಬಣ್ಣ. ಒಂದು ಕಡೆ ಸ್ವಲ್ಪ ಭಾರ. ಅದಕ್ಕ ಮಷೀನಿನ್ಯಾಗ ತಿರುಗಿಸಿ, ಎದುರು ಕಡೆ ಸಣ್ಣ ಸಣ್ಣ ಬೂದು ತುಣುಕು ಅಂಟಸ್ತಾರ. ಬೆರಳಿನ ಉಗುರಿನಷ್ಟು. ಅವು ಇಲ್ಲಂದ್ರ ನಿಧಾನಕ್ಕ ಏನೂ ಗೊತ್ತಾಗೋದಿಲ್ಲ, ಅರವತ್ತು ದಾಟಿದ್ರ ಸ್ಟೇರಿಂಗ್ ಕುಣೀತದ. ನಮ್ಮ ಗಾಡಿಗೆ ಆ ಚಿಂತಿ ಇಲ್ಲ, ಸೊನ್ನಿ ನಾನ ನೋಡೀನಿ."

ವೇದಾಬಾಯಿ ಟ್ರೇಯನ್ನು ಕಟ್ಟೆಯ ಮೇಲಿಟ್ಟು, ಸೀದಾ ದೇವರಮನೆಗೆ ಹೋಗಿ ಪರದೆಯ ಅಂಚು ಮುಟ್ಟಿ ನೋಡಿದರು. ಒಂಬತ್ತೂ ಇದ್ದವು. ದೇವರು ಕೂಡ ಪರದೆಯ ಹಿಂದಿನಿಂದ ತಮ್ಮನ್ನೇ ನೋಡುತ್ತಿದ್ದಾನೆ ಅನ್ನಿಸಿತು.

ಹೇಳಿಬಿಡಬೇಕು, ಸರಿ. ಹೇಳಿದರೆ? ಎರಡೇ ದಿನದಲ್ಲಿ ಹತ್ತು ವರ್ಷ ಚಿಕ್ಕವರಾದ ಗಂಡ ಇಷ್ಟಕ್ಕೇ ಮುಗಿಯಿತೇ ಎಂದು ನೋಟುಬುಕ್ಕು ಮುಚ್ಚಿ ಮತ್ತೆ ಕುಕ್ಕರಿನ ಮುಂದೆ ಬಂದು ನಿಲ್ಲುತ್ತಾರೆ. ತಾವು ಸಟ್ಟುಗ ಹಿಡಿದು ಲಾರಿ ಕೆಡಿಸಿದ ಸುದ್ದಿ ಗುಲ್ಬರ್ಗದ ನಾದಿನಿಯರ ತನಕ ಹೋಗುತ್ತದೆ. ಹೇಳದಿದ್ದರೆ ಶನಿವಾರ ಮಗಳ ಗಾಜು. ವೇದಾಬಾಯಿಗೆ ಆ ದಿನ ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಎಂಬ ನೆನಪೇ ಉಳಿಯಲಿಲ್ಲ. ಎರಡು ಸಲ ಹಾಕಿದ್ದರು.

ಶುಕ್ರವಾರ ಬೆಳಿಗ್ಗೆ ರಾಯರು ಸ್ನಾನಕ್ಕೆ ಹೋದದ್ದೇ ತಡ, ವೇದಾಬಾಯಿ ಹೊಲಿಗೆ ಬಿಚ್ಚಿ, ಮೇಜಿನ ಡ್ರಾದಲ್ಲಿದ್ದ ಕಾಗದ ಅಂಟಿಸುವ ಅಂಟು ಹಿಡಿದು ಲಾರಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಯಾವುದು ಎಲ್ಲಿತ್ತೋ ನೆನಪಿರಲಿಲ್ಲ. ರಂಗೋಲಿಯ ಚುಕ್ಕಿಯ ಲೆಕ್ಕದಲ್ಲಿ ಸಮ ಅಂತರ ಬಿಟ್ಟು ಎಡಕ್ಕೆ ನಾಲ್ಕು, ಬಲಕ್ಕೆ ಐದು ಇಟ್ಟರು. ಒಂದೊಂದಕ್ಕೂ ಕುಂಕುಮದ ಬೊಟ್ಟು ಇಟ್ಟ ಮೇಲೆ ನೋಡಲು ಚೆನ್ನಾಗಿಯೇ ಕಂಡಿತು. ತಲೆಯೆತ್ತಿದರೆ ಸಾಬಣ್ಣ ನಿಂತಿದ್ದ.

"ಏನ್ ಮಾಡಾಕತ್ತೀರಿ ಅಮ್ಮಾರ?"

"ಕುಂಕುಮ ಹಚ್ಚಲಿಕ್ಕತ್ತೀನಿ."

ಸಾಬಣ್ಣ ಅಂಟಿನ ಡಬ್ಬಿ ನೋಡಿದ, ಗಾಲಿ ನೋಡಿದ, ಅಮ್ಮಾವ್ರ ಮುಖ ನೋಡಿದ. ಅಂದು ಅವನ ತಟ್ಟೆಗೆ ಉಪ್ಪಿಟ್ಟಿನ ಜೊತೆ ಎರಡು ಬೇಸನ್ ಉಂಡೆ ಬಿದ್ದವು. ಅವನು ಉಂಡೆ ತಿಂದ, ಬಾಯಿ ಬಿಡಲಿಲ್ಲ.

ಆ ದಿನದ ಓಡಾಟ ರಾಯರ ಸೊಂಟ ಮುರಿಯಿತು. ಹೋಗುವಾಗ ಲಾರಿ ಒಂದು ಥರ ನಡುಗಿತು. ಕಾಗದದ ಅಂಟು ಎಷ್ಟೆಂದು ಹಿಡಿದೀತು, ತುಣುಕುಗಳು ದಾರಿಯುದ್ದಕ್ಕೂ ಒಂದೊಂದೇ ಹಾರಿ ಹೋಗಿ, ಬರುವಾಗ ಲಾರಿ ಇನ್ನೊಂದು ಥರ ನಡುಗಿತು. ನಡುಕ ಒಂದೇ ಸಮನಿದ್ದರೆ ಹಿಡಿಯಬಹುದು. ಗಳಿಗೆಗೊಂದು ವೇಷ ಹಾಕಿದರೆ ಯಾವ ಪಟ್ಟಿಗೆ ಸಿಕ್ಕೀತು? ಸಂಜೆ ಐದಕ್ಕೆ ರಾಯರು ಚಪ್ಪಲಿಯನ್ನೂ ಬಿಡದೆ ಬಂದು ಜಗುಲಿಯ ಕುರ್ಚಿಯಲ್ಲಿ ಕೂತರು. ಪಟ್ಟಿಯ ಎಲ್ಲ ಸಾಲಿಗೂ ಗೀಟು ಬಿದ್ದಿತ್ತು.

"ಕೃಪಾ, ನಾಳಿಗೆ ಬ್ಯಾರೆ ಗಾಡಿ ಕರಸು," ಅಂದರು. ನೋಟುಬುಕ್ಕು ಮುಚ್ಚಿ, "ನನಗ ಇದು ತಿಳೀಲಿಲ್ಲ. ನನ್ನ ಕೆಲಸ ಮುಗೀತು ಅನಸ್ತದ," ಅಂದರು.

ವೇದಾಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ಕೇಳಿದರು. ನಲವತ್ತೊಂದು ವರ್ಷದಲ್ಲಿ ಈ ಮನುಷ್ಯ ತನಗೆ ತಿಳಿಯಲಿಲ್ಲ ಎಂದದ್ದನ್ನು ಅವರು ಕೇಳಿರಲಿಲ್ಲ. ಗಂಡ ಸಂತೋಷವಾಗಿರಲೆಂದು ತಾವು ಬಾಯಿ ಮುಚ್ಚಿಕೊಂಡದ್ದಕ್ಕೆ ಅವರನ್ನೇ ಮುರಿದು ಕೂರಿಸಿದಂತಾಯಿತಲ್ಲ. ನಾದಿನಿಯರು ನಕ್ಕರೆ ನಗಲಿ. ವೇದಾಬಾಯಿ ಒಲೆ ಆರಿಸಿ ಹೊರಗೆ ಬಂದರು.

"ಏನ್ರೀ, ಆ ತುಣುಕು ನಾನ ಕಿತ್ತೀನಿ. ಮಂಗಳವಾರ. ದೋಸಿ ಸಟ್ಟುಗದಿಂದ. ಹೊಲಸು ಅಂತ ತಿಳಕೊಂಡಿದ್ದೆ. ಇವತ್ತ ಮುಂಜಾನೆ ನಾನ ತಿರಗಿ ಹಚ್ಚಿದೆ. ಅದಕ್ಕ ನಿಮಗ ಸಿಗಲಿಲ್ಲ."

ಕೃಪಾ ಅಮ್ಮನ ಕಡೆ ತಿರುಗಿದಳು. ಸಾಬಣ್ಣ ಆಕಾಶ ನೋಡತೊಡಗಿದ.

"ಎಷ್ಟು ತುಣುಕು?" ಎಂದು ರಾಯರು ಕೇಳಿದರು.

"ಒಂಬತ್ತು."

"ಎಡಕ್ಕ ಎಷ್ಟು, ಬಲಕ್ಕ ಎಷ್ಟು?"

"ಎಡಕ್ಕ ನಾಕು, ಬಲಕ್ಕ ಐದು ಹಚ್ಚಿದೆ. ಮೊದಲು ಎಷ್ಟಿದ್ದವೋ ನೋಡಲಿಲ್ಲ."

"ಛೇ, ನೋಡಬೇಕಿತ್ತು," ಎಂದು ರಾಯರು ನೋಟುಬುಕ್ಕು ತೆರೆದರು. ಪೆನ್ನು ಹುಡುಕುವ ಕೈಯಲ್ಲಿ ಮತ್ತೆ ಜೀವ ಬಂದಿತ್ತು. ಏಳು ಗಂಟೆಯೊಳಗೆ ಲಾರಿ ಋಷಭ್‌ನ ಅಂಗಡಿಯಲ್ಲಿತ್ತು. ಅವನು ಎರಡು ಗಾಲಿಗಳನ್ನೂ ಮಷೀನಿಗೇರಿಸಿ, ಅಂಚಿನಲ್ಲಿ ಉಳಿದಿದ್ದ ಒಂದೇ ತುಣುಕನ್ನೂ ಅದರ ಮೇಲಿನ ಕುಂಕುಮವನ್ನೂ ನೋಡಿ, "ಅಂಕಲ್, ಈ ಕಂಪನಿ ಯಾವುದು?" ಎಂದು ಹಿಂದಿಯಲ್ಲಿ ಕೇಳಿದ. ರಾಯರು "ಮನಿ ಕಂಪನಿ" ಎಂದು ಕನ್ನಡದಲ್ಲೇ ಹೇಳಿದರು.

ಶನಿವಾರ ಬೆಳಿಗ್ಗೆ ಕೃಪಾ ಸ್ಕೂಟರಿನಲ್ಲಿ ಮೊದಲೇ ಹೋದಳು. ಹಿಂದೆ ಹಾಸಿಗೆಗಳ ನಡುವೆ ಗಾಜಿನ ತೊಟ್ಟಿ, ಮುಂದೆ ಸಾಬಣ್ಣ, ರಾಯರು, ಕಿಟಕಿಯ ಬದಿಗೆ ವೇದಾಬಾಯಿ. ಇಲ್ಲಿಯ ತನಕ ಅವರನ್ನು ಈ ಲಾರಿಗೆ ಬಾ ಎಂದು ಯಾರೂ ಕರೆದಿರಲಿಲ್ಲ, ಇಂದು ಅವರೇ ಹತ್ತಿ ಕೂತಿದ್ದರು. ರಿಂಗ್ ರೋಡಿನಲ್ಲಿ ಮುಳ್ಳು ಅರವತ್ತು ದಾಟಿತು, ಎಪ್ಪತ್ತು ಮುಟ್ಟಿತು. ಸಾಬಣ್ಣ ಒಂದು ಕೈ ತೆಗೆದು ತೋರಿಸಿದ. ಸ್ಟೇರಿಂಗ್ ಕಲ್ಲಿನಂತೆ ನಿಂತಿತ್ತು.

ರಾಯರು ನೋಟುಬುಕ್ಕಿನಲ್ಲಿ ಲಾರಿಯ ವರದಿಯ ಕೊನೆಯ ಪುಟ ಬರೆದು ಮುಗಿಸಿ ಹೆಂಡತಿಯ ಕೈಗೆ ಕೊಟ್ಟರು. ವೇದಾಬಾಯಿ ತಮ್ಮ ಹೆಸರನ್ನು ಎದುರಿಸಲು ಮನಸ್ಸು ಗಟ್ಟಿ ಮಾಡಿಕೊಂಡು ಕನ್ನಡಕ ಹಾಕಿಕೊಂಡರು. ಅದರಲ್ಲಿ ಹೀಗಿತ್ತು: 'ದೋಷ: ಮುಂದಿನ ಗಾಲಿಗಳ ತೂಕದ ತುಣುಕು ಇಲ್ಲದಿರುವುದು. ಕಾರಣ: ಅವು ಏಕೆ ಇವೆ ಎಂದು ಮನೆಯವರಿಗೆ ತಿಳಿಸದೇ ಇದ್ದದ್ದು. ಹೊಣೆ: ನರಸಿಂಹ.'

"ಕಿತ್ತಾಕಿ ನಾನು. ನಿಮ್ಮ ಹೆಸರು ಯಾಕ ಬರದೀರಿ?"

"ಸಾಬಣ್ಣಗ ಅರ್ಧ ತಾಸು ಪಾಠ ಹೇಳಿದೆ. ನಿನಗ ಯಾಕ ಬೇಕು ಅಂತ ಬಿಟ್ಟೆ," ಎಂದು ರಾಯರು ರಸ್ತೆಯನ್ನು ನೋಡುತ್ತ ಹೇಳಿದರು. "ನಲವತ್ತು ವರ್ಷದಿಂದ ಬಿಟ್ಟೀನಿ."

ವೇದಾಬಾಯಿಗೆ ಕಣ್ಣು ತುಂಬಿ ಅಕ್ಷರ ಕಾಣಿಸಲಿಲ್ಲ. ನೋಟುಬುಕ್ಕು ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ಹಂಗಾರ ಈಗ ಹೇಳ್ರಿ," ಎಂದರು. "ಭಾಳ ಕಾಡಿದ ಪೆಟಿಗಿ ಯಾವುದು?"

ಇಂಥ ಪ್ರಶ್ನೆಗಾಗಿ ರಾಯರು ಎಷ್ಟು ವರ್ಷ ಕಾದಿದ್ದರೋ. ಹದಿನೆಂಟು ದಿನ ತಮ್ಮ ನಿದ್ದೆ ಕೆಡಿಸಿದ ಒಂದು ರೇಡಿಯೋ ಪೆಟ್ಟಿಗೆಯ ಕಥೆ ಶುರುವಾಯಿತು. ಮೊದಲನೇ ದಿನ ಏನಾಯಿತು, ಎರಡನೇ ದಿನ ಯಾರು ಏನೆಂದರು, ಮೂರನೇ ದಿನ ಯಾವ ಅಧಿಕಾರಿ ಸಿಟ್ಟಾದ, ಒಂದೂ ಬಿಡಲಿಲ್ಲ. ವೇದಾಬಾಯಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಆದರೆ ಆ ಸಿಟ್ಟಿನ ಅಧಿಕಾರಿಯ ಮೇಲೆ ಅವರಿಗೂ ಸಿಟ್ಟು ಬಂತು. ಲಾರಿ ಮಣಿಕೊಂಡದ ಕಂಪನಿಯ ಮುಂದೆ ನಿಂತದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಕೃಪಾ ಓಡಿ ಬಂದು, ಹಿಂದೆ ಹತ್ತಿ, ಗಾಜಿನ ನಾಲ್ಕೂ ಮೂಲೆ ಮುಟ್ಟಿ ನೋಡಿ, ಒಂದು ಗೀರೂ ಇಲ್ಲವೆಂದು ಕೂಗುತ್ತ ಬಾಗಿಲು ತೆಗೆದಳು.

"ಅಮ್ಮಾ, ಇಳೀರಿ, ಎಲ್ಲಾರೂ ಕಾಯಲಿಕ್ಕತ್ತಾರ!"

ವೇದಾಬಾಯಿ ತಿರುಗಿಯೂ ನೋಡದೆ ಕೈ ಅಡ್ಡ ಹಿಡಿದರು.

"ಸ್ವಲ್ಪ ತಡಿಯವಾ," ಅಂದರು, "ಈಗ ಹದಿನೇಳನೇ ದಿನಕ್ಕ ಬಂದೀವಿ."