ಮುನಿಕೃಷ್ಣ ಬಿಟ್ಟುಹೋದ ಜೋಡಿ

ದೀಪಾವಳಿ ಮುಗಿದ ವಾರ, ಒಂದು ಭಾನುವಾರ ಬೆಳಿಗ್ಗೆ, ಕುಸುಮಾ ಚಾಮರಾಜಪೇಟೆಯ ಮನೋಹರನ ಮನೆಗೆ ಬಂದಳು. ಕೈಯಲ್ಲಿ ತೂತು ಮಾಡಿದ ರಟ್ಟಿನ ಡಬ್ಬ, ಅದರೊಳಗೆ ಎರಡು ಪಾರಿವಾಳ. ಕಾಫಿ ಬೇಡವೆಂದಳು, ಕೂರಲೂ ಇಲ್ಲ. ಇವನ್ನು ಮನೋಹರನಿಗೇ ಕೊಡಬೇಕೆಂದು ಗಂಡ ಹೇಳಿಹೋಗಿದ್ದಾನೆ, ಚಳಿ ಶುರುವಾದ ಮೇಲೆ ಜೋಡಿ ಹಾಕಬೇಕಂತೆ, ಅಷ್ಟು ಹೇಳಿ ಹೊರಗೆ ಆಟೋ ಕಾಯುತ್ತಿದೆಯೆಂದು ಹೊರಟುಬಿಟ್ಟಳು.

ಅವಳ ಗಂಡ ಮುನಿಕೃಷ್ಣ ತೀರಿಕೊಂಡು ಮೂರು ತಿಂಗಳಾಗಿತ್ತು. ಅವನೂ ಮನೋಹರನೂ ಓಕಳಿಪುರಂನಲ್ಲಿ ಒಂದೇ ಬೀದಿಯಲ್ಲಿ ಬೆಳೆದವರು. ಒಂಬತ್ತನೇ ಕ್ಲಾಸಿನಿಂದಲೂ ಮುನಿಕೃಷ್ಣನಿಗೆ ಪಾರಿವಾಳದ ಹುಚ್ಚು. ಮನೋಹರನಿಗೆ ಅವುಗಳ ನಾತವೇ ಆಗುತ್ತಿರಲಿಲ್ಲ. ಆದರೂ ಸ್ನೇಹ ನಲವತ್ತು ವರ್ಷ ನಡೆದಿತ್ತು. ಜುಲೈನಲ್ಲಿ ಮುನಿಕೃಷ್ಣ ಆಸ್ಪತ್ರೆಯಿಂದ ಎರಡು ಸಲ ಫೋನ್ ಮಾಡಿ, ಒಂದ್ಸಲ ಬಂದು ಹೋಗೋ ಅಂದಿದ್ದ. ಅವೆನ್ಯೂ ರಸ್ತೆಯಲ್ಲಿ ಮನೋಹರನದು ನೋಟ್‌ಬುಕ್ಕಿನ ಅಂಗಡಿ. ಶಾಲೆ ಶುರುವಾಗಿದ್ದ ಕಾಲ. ಈ ಭಾನುವಾರ, ಮುಂದಿನ ಭಾನುವಾರ ಎಂದುಕೊಳ್ಳುತ್ತಾ ಹೋಗಲಿಲ್ಲ. ನಿಜ ಹೇಳಬೇಕೆಂದರೆ ಅಂಗಡಿಯೊಂದೇ ಕಾರಣವಲ್ಲ. ಮೂಗಿಗೆ ಕೊಳವೆ ಹಾಕಿಕೊಂಡು ಮಲಗಿದ ಮುನಿಕೃಷ್ಣನನ್ನು ನೋಡಲು ಅವನಿಗೆ ಭಯವಾಗಿತ್ತು. ಮೂರನೆಯ ಸಲ ಆಸ್ಪತ್ರೆಯಿಂದ ಫೋನ್ ಬಂದಾಗ ಮಾತಾಡಿದವಳು ಕುಸುಮಾ. ಆಗ ಎಲ್ಲ ಮುಗಿದಿತ್ತು.

ಹಾಗಾಗಿ ಡಬ್ಬವನ್ನು ಬೇಡವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಹೆಂಡತಿ ರಕ್ಷಿತಾ, ತಾರಸಿಯಲ್ಲಿ ಬಟ್ಟೆ ಒಣಗಿಸುವ ಕಡೆ ಮಾತ್ರ ಬೇಡ ಎಂದಳು. ಬಡಗಿಯನ್ನು ಕರೆಸಿ ನೀರಿನ ಟ್ಯಾಂಕಿಗೆ ಒತ್ತಿದಂತೆ ಒಂದು ಗೂಡು ಹೊಡೆಸಿದ. ಮುಂದೆ ಜಾಲರಿ ಬಾಗಿಲು, ಒಳಗೆ ಮಣ್ಣಿನ ಬೋಗುಣಿ, ಅದರಲ್ಲಿ ಒಂದು ಹಿಡಿ ತೆಂಗಿನ ಕಡ್ಡಿ. ಇವನ್ನು ಹೊರಗೆ ಬಿಡುವಂತಿಲ್ಲ, ಬಿಟ್ಟರೆ ನೆಟ್ಟಗೆ ಓಕಳಿಪುರಂಗೆ ಹಾರುತ್ತವೆ, ಇಲ್ಲಿ ಹುಟ್ಟಿದ ಮರಿಗಳು ಮಾತ್ರ ಇಲ್ಲಿ ನಿಲ್ಲುತ್ತವೆ ಎಂಬುದನ್ನು ಮೊಬೈಲಿನಲ್ಲಿ ನೋಡಿ ತಿಳಿದುಕೊಂಡ.

ಡಿಸೆಂಬರ್ ಮೊದಲ ವಾರ ಎರಡು ಮೊಟ್ಟೆ ಬಂದವು. ಹಗಲು ಹೊತ್ತು ಗಂಡು ಕಾವಿಗೆ ಕೂರುತ್ತಿತ್ತು, ಸಂಜೆ ನಾಲ್ಕರ ನಂತರ ಹೆಣ್ಣು. ಆ ವರ್ಷ ಚಳಿ ಜೋರಾಗಿತ್ತು. ಬೆಳಿಗ್ಗೆ ಎಂಟಾದರೂ ಎದುರು ಮನೆಯ ತೆಂಗಿನ ಗರಿ ಮಂಜಿನಲ್ಲಿ ಕಾಣುತ್ತಿರಲಿಲ್ಲ. ಮೊಟ್ಟೆ ತಣ್ಣಗಾಗಿಬಿಟ್ಟರೆ ಎಂಬ ಆತಂಕಕ್ಕೆ ಮನೋಹರ ದಿನಕ್ಕೆ ನಾಲ್ಕು ಸಲ ಮೇಲೆ ಹತ್ತಿ, ಹಕ್ಕಿಯ ಹೊಟ್ಟೆಯಡಿ ಕೈ ತೂರಿಸಿ ನೋಡುತ್ತಿದ್ದ. ಹಾಗೆ ಕೈ ಹಾಕಿದಾಗಲೆಲ್ಲ ಹಿಂದೆ ಯಾರೋ ನಿಂತಂತೆ ಅನ್ನಿಸುತ್ತಿತ್ತು. ತಿರುಗಿದರೆ ಒಣಗುತ್ತಿದ್ದ ಸೀರೆ. ಗಂಡು ಹಕ್ಕಿ ಮಾತ್ರ ಅವನ ಭುಜದಾಚೆಗೆ ನೋಡಿ, ಕತ್ತು ಉಬ್ಬಿಸಿ, ಗುರುತಿನವರನ್ನು ಕಂಡಂತೆ ಗುಟುರು ಹಾಕುತ್ತಿತ್ತು.

ಹದಿನೆಂಟು ದಿನ ಕಳೆಯಿತು, ಇಪ್ಪತ್ತೊಂದೂ ಕಳೆಯಿತು. ಮೊಟ್ಟೆ ಒಡೆಯಲಿಲ್ಲ. ಕೇಳಲು ಬೇರೆ ಯಾರೂ ಇರಲಿಲ್ಲವಾಗಿ ಅಂಗಡಿಯಿಂದಲೇ ಕುಸುಮಾಗೆ ಫೋನ್ ಮಾಡಿದ. ಅವಳು ಪಾರಿವಾಳದ ಉಸಾಬರಿಗೆ ಹೋದವಳೇ ಅಲ್ಲ. ಗೂಡಿನ ಹತ್ತಿರವೂ ಸುಳಿಯಳು ಎಂದು ಮುನಿಕೃಷ್ಣ ಎಷ್ಟೋ ಸಲ ದೂರಿದ್ದ. ಮನೋಹರ ವಿಷಯ ತೆಗೆಯುವ ಮೊದಲೇ ಅವಳು ಹೇಳಿದಳು:

“ಮುಟ್ಟಿ ಮುಟ್ಟಿ ನೋಡಿದ್ಯಾ? ಬಿಸಿ ಇದ್ಯಾ ಅಂತ ಕೈ ಹಾಕಿದಷ್ಟೂ ಅದು ತಣ್ಣಗಾಗುತ್ತೆ, ಮನು. ಸುಮ್ನೆ ಬಿಟ್ಬಿಡು. ಜೋಳ ಜಾಸ್ತಿ ಹಾಕು.”

ಫೋನ್ ಇಟ್ಟ ಮೇಲೂ ಅವನು ಗಲ್ಲಾಪೆಟ್ಟಿಗೆಯ ಮುಂದೆ ಹಾಗೇ ಕೂತಿದ್ದ. ಮುನಿಕೃಷ್ಣನನ್ನು ಮದುವೆಯಾಗಿ ಬಂದಂದಿನಿಂದ ಕುಸುಮಾ ಮನೋಹರನನ್ನು ಅಣ್ಣ ಎಂದೇ ಕರೆದವಳು, ನೀವು ಬಿಟ್ಟು ಮಾತಾಡಿದವಳಲ್ಲ. ಮನು ಎನ್ನುತ್ತಿದ್ದುದು ಮುನಿಕೃಷ್ಣ ಒಬ್ಬನೇ. ಧ್ವನಿ ಅವಳದೇ ಆಗಿತ್ತು. ಮಾತಿನ ನಡುವೆ ಉಸಿರು ತೆಗೆದುಕೊಳ್ಳುವ ರೀತಿ ಅವಳದಲ್ಲ.

ಹಾಳಾದ ಮೊಟ್ಟೆ ತೆಗೆದೆಸೆದ. ಹೊಸ ವರ್ಷದ ಮೊದಲ ವಾರ ಹೆಣ್ಣು ಮತ್ತೆರಡು ಇಟ್ಟಿತು. ಈ ಸಲ ಅವನು ಕೈ ಹಾಕಲಿಲ್ಲ. ಜೋಳ, ನೀರು ಇಟ್ಟು ಇಳಿದುಬಿಡುತ್ತಿದ್ದ. ಸಂಕ್ರಾಂತಿ ಕಳೆದು ವಾರಕ್ಕೆ ಒಂದು ಮೊಟ್ಟೆ ಒಡೆಯಿತು, ಇನ್ನೊಂದು ಒಡೆಯಲಿಲ್ಲ. ಹಳದಿ ನವಿರಿನ, ಕಣ್ಣು ತೆರೆಯದ ಕುರೂಪಿ ಮರಿ. ಅದನ್ನು ನೋಡುತ್ತಾ ಅವನು ಅಂಗಡಿ ತೆಗೆಯುವ ಹೊತ್ತನ್ನೇ ಮರೆತ. ಆರನೆಯ ದಿನ ಬೆಳಿಗ್ಗೆ ನೋಡಿದರೆ ಮರಿ ಬೋಗುಣಿಯ ಅಂಚಿಗೆ ಸರಿದು, ಕತ್ತು ಚೆಲ್ಲಿ ನಡುಗುತ್ತಿತ್ತು. ಮೈ ಮುಟ್ಟಿದರೆ ಕಲ್ಲಿನಂತೆ ತಣ್ಣಗೆ. ಅದನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡು, ರಕ್ಷಿತಾಳ ಕೈಯಲ್ಲಿ ಕುಸುಮಾಗೆ ಫೋನ್ ಹಚ್ಚಿಸಿ, ಕಿವಿಗೆ ಹಿಡಿಸಿಕೊಂಡ.

“ಬಾಗಿಲು ಮೂಡಲಿಗೆ ಇಟ್ಟಿದ್ದೀಯ,” ಎಂದಿತು ಆ ಕಡೆಯ ಮಾತು. “ಟ್ಯಾಂಕಿಗೆ ಬೆನ್ನು ಕೊಟ್ಟು ಇಟ್ಟಿರ್ತೀಯ, ನಂಗೊತ್ತು. ಚಳಿಗಾಳಿ ಬರೋದೇ ಅಲ್ಲಿಂದ. ತಿರುಗಿಸಿ ಇಡು. ಗೋಣಿತಾಟು ಇಳಿಬಿಡು, ಪೂರ್ತಿ ಮುಚ್ಬೇಡ, ಮೇಲೆ ಒಂದು ಗೇಣು ಬಿಡು. ಉಸಿರಿನ ನೀರು ಹೊರಗೆ ಹೋಗ್ಬೇಕು, ಮನು.”

ಕುಸುಮಾ ಅವನ ತಾರಸಿ ಹತ್ತಿದವಳೇ ಅಲ್ಲ.

ಗೂಡು ತಿರುಗಿಸಿದ, ಗೋಣಿ ಕಟ್ಟಿದ. ಬೆಚ್ಚಗಾದ ಮರಿಯನ್ನು ತಾಯಿಯಡಿ ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಅದು ಕೊಕ್ಕು ತೆರೆಯಿತು. ಅವನು ಊಟ ಮಾಡದೆ ಸ್ಕೂಟರ್ ತೆಗೆದು ಓಕಳಿಪುರಂಗೆ ಹೋದ.

ಕುಸುಮಾ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅವನು ನಿಂತೇ ಕೇಳಿದ, “ಅತ್ತಿಗೆ, ಇದೆಲ್ಲ ನಿಮಗೆ ಯಾರು ಹೇಳ್ತಿದಾರೆ?”

ಅವಳು ಕೈಯಲ್ಲಿದ್ದ ಸಿಪ್ಪೆಯನ್ನು ಮೊರದ ಪಕ್ಕಕ್ಕೆ ಹಾಕಿದಳು. ಆಮೇಲೆ ಒಂದೇ ಸಮನೆ ಹೇಳಿದಳು. ಕೊನೆಯ ಹನ್ನೊಂದು ದಿನ ಮುನಿಕೃಷ್ಣ ಅವಳ ಜೊತೆ ಮಾತಾಡಲಿಲ್ಲವಂತೆ. ಮಾತೆಲ್ಲ ಹಾಸಿಗೆಯ ಪಕ್ಕದ ಕುರ್ಚಿಯ ಜೊತೆ. ಮನು ಬಂದು ಕೂತಿದ್ದಾನೆ ಎನ್ನುತ್ತಿದ್ದ. ಜೋಡಿ ಹಾಕುವುದರಿಂದ ಹಿಡಿದು ಮೊಟ್ಟೆ, ಕಾವು, ಮರಿ, ಗಾಳಿ, ನೀರು, ಒಂದೊಂದನ್ನೂ ಬಿಡಿಸಿ ಹೇಳುತ್ತಿದ್ದ. ಮನು ಏನೇನು ತಪ್ಪು ಮಾಡುತ್ತಾನೆಂದು ಮೊದಲೇ ಬೈಯುತ್ತಿದ್ದ. ನರ್ಸ್ ಒಮ್ಮೆ ಕುರ್ಚಿ ಸರಿಸಲು ಹೋದಾಗ ಕೂಗಾಡಿದ.

“ನನ್ನೂ ಕೂರೋಕೆ ಬಿಡ್ಲಿಲ್ಲ ಅಣ್ಣ,” ಎಂದಳು. “ಹನ್ನೊಂದು ದಿನ ನಾನು ನಿಂತೇ ಇದ್ದೆ.”

ಮನೆಯ ಹಿಂದೆ ರೈಲೊಂದು ಉದ್ದಕ್ಕೆ ಹಾದುಹೋಯಿತು. ಆ ಕುರ್ಚಿಯಲ್ಲಿ ಕೂತಿದ್ದವನು ಏನಾದರೂ ಮಾತಾಡುತ್ತಿದ್ದನೇ ಎಂದು ಮನೋಹರ ಕೊನೆಗೆ ಕೇಳಿದ. ಕೇಳುವಾಗ ನಾನು ಎನ್ನಲು ಅವನಿಂದಾಗಲಿಲ್ಲ.

“ಉತ್ತರ ಕೊಡ್ತಿದ್ರಿ ಅನ್ಸುತ್ತೆ. ಅವರು ಮಧ್ಯೆ ಮಧ್ಯೆ ಮಾತು ನಿಲ್ಲಿಸಿ ಕೇಳಿಸ್ಕೊಳ್ಳೋರು. ಒಂದ್ಸಲ ಜೋರಾಗಿ ನಕ್ರು. ಏನ್ ಹೇಳಿದ್ರಿ ಅಂತ ನಿಮಗೇ ಗೊತ್ತಿರ್ಬೇಕು.”

ಅವಳಿಗೆ ಕೋಪವಿತ್ತು, ಆದರೆ ದನಿ ಏರಲಿಲ್ಲ. ಅವನು ಫೋನ್ ಮಾಡಿದಾಗಲೆಲ್ಲ ಆ ಮಾತು ತಾನಾಗಿ ಬಾಯಿಗೆ ಬರುತ್ತದೆ, ತಡೆಯಲು ಆಗುವುದಿಲ್ಲ, ಇಟ್ಟಮೇಲೆ ಮೈ ಹಗುರಾಗುತ್ತದೆ ಎಂದಳು. ಮರಿ ತಾನೇ ಕಾಳು ತಿನ್ನಲು ಕಲಿಯುವವರೆಗೆ ಮಾತ್ರ ಪಾಠ ಆಗಿತ್ತಂತೆ. ಬಾಗಿಲು ಯಾವಾಗ ತೆಗೆಯಬೇಕು ಎಂದು ಮುನಿಕೃಷ್ಣ ಶುರುಮಾಡಿದ್ದ, ಅಲ್ಲಿಗೆ ಉಸಿರು ನಿಂತಿತ್ತು.

ಫೆಬ್ರವರಿಯಲ್ಲಿ ಅವನು ಅವಳಿಗೆ ಇನ್ನೊಂದೇ ಸಲ ಫೋನ್ ಮಾಡಿದ. ಮರಿ ತಾಯಿಯನ್ನು ಬಿಟ್ಟು ಕಾಳು ಹೆಕ್ಕುತ್ತಿದೆ ಎಂದ. ಅವಳು ತುಸು ಹೊತ್ತು ಕಾದಳು, ತನ್ನೊಳಗೆ ಏನಾದರೂ ಬರುತ್ತದೋ ಎಂದು ನೋಡುವವಳಂತೆ.

“ಇಲ್ಲ ಅಣ್ಣ,” ಎಂದಳು. “ಖಾಲಿಯಾಯ್ತು. ಇನ್ಮೇಲೆ ನನ್ನ ಕೇಳ್ಬೇಡಿ.”

ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ಆ ವರ್ಷ ಎರಡು ದಿನ ಮೊದಲೇ ಹೋಯಿತು. ಹಬ್ಬದ ಬೆಳಿಗ್ಗೆ ಮನೋಹರ ದೊಡ್ಡ ಹಕ್ಕಿಗಳನ್ನು ಗೂಡಿನ ಒಳಮೂಲೆಯಲ್ಲಿ ಹಲಗೆ ಅಡ್ಡವಿಟ್ಟು ಕೂಡಿಹಾಕಿ, ಮರಿಗೆ ಬಾಗಿಲು ತೆಗೆದ. ಸರಿಯಾದ ದಿನವೋ ಅಲ್ಲವೋ ತಿಳಿಯದು. ಕಾದ. ಯಾರಾದರೂ ಬೈಯಲಿ ಎಂದು ಕಾದ. ಮರಿ ಹೊರಗೆ ಬಂದು, ಮೋಟುಗೋಡೆಯ ಮೇಲೆ ಬಹಳ ಹೊತ್ತು ಕೂತು, ಎದುರು ಮನೆಯ ಕಿಟಕಿಯ ಸಜ್ಜಾದ ಮೇಲಕ್ಕೆ ಹಾರಿತು. ಅಲ್ಲಿಂದ ಕಾಣದಾಯಿತು.

ಉಪವಾಸವಿದ್ದ ರಕ್ಷಿತಾ ಬಟ್ಟೆ ಹರವಲು ಬಂದಾಗ ಅವನು ಬರಿಯ ಬಿಸಿಲಿಗೆ ಏನೋ ಹೇಳುತ್ತಿದ್ದ. ಹೇಗೆ ಬರಲಾಗಲಿಲ್ಲ, ಯಾಕೆ ಬರಲಿಲ್ಲ ಎಂಬುದನ್ನೆಲ್ಲ ಬಿಡಿಸಿ ಬಿಡಿಸಿ. ಅವಳು ಬಕೆಟ್ ಇಟ್ಟು, ಸದ್ದಾಗದಂತೆ ಕೆಳಗಿಳಿದಳು.

ಹನ್ನೆರಡರ ಸುಮಾರಿಗೆ ಮರಿ ತಿರುಗಿ ಬಂತು. ಎಲ್ಲಿಗೆ ಹೋಗಿತ್ತೋ, ಕಾಲಿಗೆಲ್ಲ ಸುಣ್ಣ ಮೆತ್ತಿಕೊಂಡಿತ್ತು. ನೇರ ಗೂಡಿನೊಳಗೆ ನಡೆದು ನೀರು ಕುಡಿಯಿತು. ಮನೋಹರ ಬಾಗಿಲು ಹಾಕಿದ.